ಘೋರು, ಫೈಲಸ್ಯ, ನಾಳ್ವಿಕೆ: ಬೇಜಾರಿಗೂ ನಮ್ಮದೇ ಪದ ಬೇಕು

ಹೋದ ವಾರ ಇಲ್ಲಿ ನಾಲ್ಕು ಪದ ಹಾಕಿದ್ದೆ. ಘೋರು, ಫೈಲಸ್ಯ, ಭಾಷಂಕಟ, ಮೀಟೂಕಡಿಕೆ. ಬಹಳ ಜನ ನಕ್ಕರು, ಹಂಚಿಕೊಂಡರು. ಎರಡು ತಕರಾರೂ ಬಂತು. ನಾನು ಗೌರವಿಸುವ ಹಿರಿಯ ಸಂಗಾತಿಯೊಬ್ಬರು ಫೋನ್ ಮಾಡಿ, "ಏನಮ್ಮಾ, ಬೆಳಗಾದ್ರೆ ಎಲ್ಲೋ ಒಂದು ಕಡೆ ನಮ್ಮೋರ ಮೇಲೆ ಹಲ್ಲೆ, ಬಹಿಷ್ಕಾರ. ನೀನು ನೋಡಿದ್ರೆ ಬೇಜಾರಿಗೆ ಪದ ಕಟ್ಕೊಂಡು ಆಟ ಆಡ್ತಾ ಕೂತಿದ್ದೀಯಲ್ಲ, ಇದು ಚಳವಳಿಯೋರು ಮಾಡೋ ಕೆಲಸವಾ?" ಅಂದರು. ಇನ್ನೊಬ್ಬರು, ಪರಿಚಯ ಇಲ್ಲದವರು, "ಇಂಗ್ಲಿಷು ಬೆರೆಸಿ ಕನ್ನಡ ಕೆಡಿಸಬೇಡಿ ಮೇಡಂ" ಅಂತ ಬರೆದರು.

ಇಬ್ಬರಿಗೂ ಉತ್ತರ ಕೊಡಬೇಕು. ಮೊದಲನೆಯವರಿಗೆ ಪ್ರೀತಿಯಿಂದ, ಎರಡನೆಯವರಿಗೆ ತಾಳ್ಮೆಯಿಂದ. ಪೋಸ್ಟು ಉದ್ದ ಇದೆ, ಚಾ ಇಟ್ಕೊಂಡು ಓದಿ.

ಮೊದಲು ಪದಗಳನ್ನೇ ನೋಡೋಣ. ಇವು ನನ್ನೊಬ್ಬಳ ತಲೆಯಿಂದ ಬಂದದ್ದಲ್ಲ. ಒಂದು ಕಾರ್ಯಕ್ರಮ ಮುಗಿಸಿ ಬಾಡಿಗೆ ಟೆಂಪೋದಲ್ಲಿ ವಾಪಸ್ ಬರ್ತಾ ಇದ್ವಿ. ಹಿಂದೆ ಕೂತಿದ್ದ ಡಿಗ್ರಿ ಓದೋ ಹುಡುಗ ಹುಡುಗಿಯರು ಆ ದಿನದ ಭಾಷಣಗಳಿಗೆ ಮಾರ್ಕು ಹಾಕ್ತಾ ಇದ್ರು. "ಬೋರು ಅಂದ್ರೆ ಸಾಲಲ್ಲ, ಇದು ಘೋರ ಬೋರು" ಅಂದ ಒಬ್ಬ. "ಅಷ್ಟುದ್ದ ಯಾಕೋ, ಘೋರು ಅನ್ನು" ಅಂದಳು ಇನ್ನೊಬ್ಬಳು. ಅಷ್ಟೇ, ಊರು ಮುಟ್ಟೋವರೆಗೂ ಟೆಂಪೋ ತುಂಬ ಪದ.

ಭಾಷಣ ಮತ್ತು ಸಂಕಟ ಸೇರಿ ಭಾಷಂಕಟ. ಮೀಟಿಂಗು ಮತ್ತು ತೂಕಡಿಕೆ ಸೇರಿ ಮೀಟೂಕಡಿಕೆ. ಬೇಜಾರು ಮತ್ತು ಆಕಳಿಕೆ ಸೇರಿ ಬೇಜಾಕಳಿಕೆ, ಅಂದರೆ ಒಂದು ಸಲ ತೆಗೆದ ಬಾಯಿ ಮುಚ್ಚಲಾರದಂಥ ಬೇಜಾರು. ಮೈಕು ಸಿಕ್ಕರೆ ಬಿಡದೆ ತಲೆ ಕೊರೆಯುವವನು ಕೊರೆಯೋನಾ. ಮಾಸ್ಕು ಹಾಕ್ಕೊಂಡರೂ ತಪ್ಪಿಸಿಕೊಳ್ಳೋಕಾಗಲ್ಲ. ಬೇಸಿಗೆ ಮತ್ತು ಬೇಸರ ಸೇರಿ ಬೇಸರಿಗೆ. ಕೆಲಸ ಇಲ್ಲ, ಕಾಲೇಜಿಲ್ಲ, ಕೇರಿಯ ಜಗಲಿ ಮೇಲೆ ಬಿಸಿಲು ಬಿಟ್ಟರೆ ಬೇರೇನೂ ಇಲ್ಲ ಅನ್ನೋ ಏಪ್ರಿಲ್ಲು ಮೇ ತಿಂಗಳು. ಫೈಲಸ್ಯ ಮಾತ್ರ ನಂದು. ಫೈಲು ಮತ್ತು ಆಲಸ್ಯ. ಕಚೇರಿ ಗುಮಾಸ್ತೆಯ ಬಾಯಲ್ಲಿ ಬಿಟ್ಟರೆ ಅದು ಇನ್ಯಾರ ಬಾಯಲ್ಲಿ ಹುಟ್ಟೀತು?

ಇದೇನೂ ಹೊಸ ವಿದ್ಯೆಯಲ್ಲ. ಇಂಗ್ಲಿಷಿನ ಲೂಯಿ ಕ್ಯಾರಲ್ 1871ರಲ್ಲಿ ಬಂದ ಮಕ್ಕಳ ಪುಸ್ತಕದಲ್ಲಿ ಹಂಪ್ಟಿ ಡಂಪ್ಟಿ ಅನ್ನೋ ಮೊಟ್ಟೆಯ ಬಾಯಲ್ಲಿ ಇದನ್ನೇ ಹೇಳಿಸಿದ್ದಾನೆ. ಎರಡು ಅರ್ಥ ತುಂಬಿ ಮುಚ್ಚಿದ ಒಂದೇ ಪೆಟ್ಟಿಗೆ, ಆಗಿನ ಕಾಲದ ಎರಡು ಹೋಳಾಗಿ ತೆರೆಯುವ ಪ್ರಯಾಣದ ಪೆಟ್ಟಿಗೆಯ ಥರ. ಇವತ್ತು ನಮ್ಮ ಮಕ್ಕಳೂ ಹೇಳುವ ಬ್ರಂಚ್, ಸ್ಮಾಗ್ ಎಲ್ಲಾ ಈ ಜಾತಿಯವೇ. ನಮ್ಮ ಸಮಾಸದಲ್ಲಿ ಎರಡು ಪದ ಅಕ್ಕಪಕ್ಕ ಕೂರುತ್ತವೆ, ಮಳೆಗಾಲ ಅಂದಾಗ ಮಳೆಯೂ ಕಾಣುತ್ತೆ, ಕಾಲವೂ ಕಾಣುತ್ತೆ. ಈ ಬೆರಕೆ ಪದದಲ್ಲಿ ಹಾಗಲ್ಲ. ಎರಡೂ ಮುರೀತವೆ. ಘೋರದ ಬಾಲ ಹೋಗುತ್ತೆ, ಬೋರಿನ ತಲೆ ಹೋಗುತ್ತೆ, ಉಳಿದದ್ದು ಒಂದೇ ಜೀವ. ಬಿಡಿಸೋಕೆ ಹೋದ್ರೆ ಸತ್ತೋಗುತ್ತೆ.

ಈಗ ಕನ್ನಡ ಕೆಡುತ್ತೆ ಅಂದವರ ಮಾತಿಗೆ ಬರ್ತೀನಿ.

ಸ್ವಾಮಿ, ನೀವು "ಬೇಜಾರಾಯ್ತು" ಅಂತ ಬರೆದಿದ್ರಲ್ಲ, ಆ ಬೇಜಾರು ಪರ್ಷಿಯನ್ ಭಾಷೆಯಿಂದ ಉರ್ದು ದಾರಿಯಲ್ಲಿ ನಮ್ಮ ಮನೆಗೆ ಬಂದದ್ದು. ನಮ್ಮ ಹಳೇ ಪದ ಬೇಸರ ಇನ್ನೂ ಇದೆ, ಉತ್ತರದ ಕಡೆ ಬ್ಯಾಸರ ಅಂತಾರೆ. ಬೇಜಾರು ಬಂತು ಅಂತ ಬೇಸರ ಮನೆ ಬಿಟ್ಟು ಹೋಗಲಿಲ್ಲ. ಬೋರು ಇಂಗ್ಲಿಷಿಂದ ಬಂತು. ಹಳ್ಳಿಯಲ್ಲಿ ಬೋರು ಅಂದ್ರೆ ಮೊದಲು ನೆನಪಾಗೋದು ಕೊಳವೆಬಾವಿ. ಅದನ್ನ ಕೊರೆಸ್ತಾರೆ. ಭಾಷಣಕಾರನೂ ತಲೆ ಕೊರೀತಾನೆ. ಬೋರಿನೋರು ನೀರು ಬರೋವರೆಗೆ ಕೊರೀತಾರೆ, ಇವರು ನಮ್ಮ ಕಣ್ಣಲ್ಲಿ ನೀರು ಬಂದರೂ ನಿಲ್ಸಲ್ಲ. ನೋಡಿ, ಎಲ್ಲಿಂದಲೋ ಬಂದ ಪದಕ್ಕೆ ನಮ್ಮ ಜನ ಹೇಗೆ ನೆಂಟಸ್ತನ ಕಟ್ಟಿದ್ದಾರೆ ಅಂತ. ನಾನು ಕೂರುವ ಕಡೆ ದಿನವೂ ಬಳಸುವ ಗುಮಾಸ್ತ, ದಫ್ತರು, ಷರಾ, ತಹಶೀಲ್ದಾರ್, ಯಾವುದೂ ಇಲ್ಲೇ ಹುಟ್ಟಿದ್ದಲ್ಲ. ಕೆಟ್ಟಿದ್ದರೆ ಕನ್ನಡ ಆಗಲೇ ಕೆಡಬೇಕಿತ್ತು.

ಬಿಎಯಲ್ಲಿ ಐಚ್ಛಿಕ ಕನ್ನಡ ಓದಿದೋಳು ನಾನು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಪಾಠ ಇತ್ತು. ಅದರಲ್ಲಿ ಅರಿಸಮಾಸ ಅಂತ ಒಂದು ದೋಷ. ಅರಿ ಅಂದರೆ ಶತ್ರು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕೂಡಿಸಿ ಸಮಾಸ ಮಾಡಿದರೆ ಅದು ಅರಿಸಮಾಸ. ಗಮಕ ಸಮಾಸ, ಕ್ರಿಯಾಸಮಾಸಕ್ಕೆ ವಿನಾಯಿತಿ ಉಂಟು, ಉಳಿದ ಕಡೆ ಕೂಡದು. ಕೇಶಿರಾಜ ಬರೆದದ್ದು ವ್ಯಾಕರಣ, ಜಾತಿ ನಿಯಮ ಅಲ್ಲ. ಅವನ ಮೇಲೆ ನನಗೆ ಜಗಳ ಇಲ್ಲ. ಆದರೆ ಕೇರಿಯಿಂದ ಬಂದು ಆ ಬೆಂಚಿನ ಮೇಲೆ ಕೂತು ಪಾಠ ಕೇಳ್ತಿದ್ದ ನನಗೆ, ಇವರ ಪದ ಇವರೊಳಗೆ, ಅವರ ಪದ ಅವರೊಳಗೆ, ಕೂಡಿದರೆ ಶತ್ರು ಅನ್ನೋ ಮಾತು ಎಲ್ಲೋ ಕೇಳಿದ ಹಾಗೆ ಅನ್ನಿಸಿದ್ದು ಸುಳ್ಳಲ್ಲ.

ಬಾಬಾಸಾಹೇಬರು 1916ರಲ್ಲಿ, ಕೊಲಂಬಿಯಾದಲ್ಲಿ ಓದುವಾಗಲೇ, ಭಾರತದ ಜಾತಿಗಳ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ಹೇಳಿದ್ದು ಏನು? ಜಾತಿಯ ಜೀವ ಇರೋದು ಒಳಗೊಳಗೇ ಮದುವೆ ಮಾಡಿಕೊಳ್ಳೋದರಲ್ಲಿ ಅಂತ. 1936ರ ಜಾತಿ ವಿನಾಶದಲ್ಲಿ, ಜಾತಿ ಒಡೆಯೋ ನಿಜವಾದ ಮದ್ದು ಅಂತರ್ಜಾತಿ ವಿವಾಹ ಅಂದರು. ಬೆರೆಯುವುದಕ್ಕೆ ಈ ದೇಶ ಎಷ್ಟು ಹೆದರುತ್ತೆ ಅನ್ನೋದು ನಮಗೆ ಗೊತ್ತು. ಮಕ್ಕಳನ್ನೇ ಕೊಂದಿದ್ದಾರೆ. ಹಾಗಾಗಿ ಬೆರಕೆ ಅನ್ನೋದನ್ನ ಯಾರಾದರೂ ಬೈಗುಳದ ಥರ ಹೇಳಿದಾಗ ನಾನು ಸ್ವಲ್ಪ ನಿಂತು ನೋಡ್ತೀನಿ. ಪದದ ಮೇಲಿನ ಮಡಿ ಪದದಲ್ಲೇ ನಿಲ್ಲುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಇನ್ನು ಪದ ಯಾರು ಹುಟ್ಟಿಸಬೇಕು ಅನ್ನೋ ಪ್ರಶ್ನೆ. ಹರಿಜನ ಅನ್ನೋ ಪದ ಗಾಂಧಿಯವರು ಚಲಾವಣೆಗೆ ತಂದದ್ದು, 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೇ ಶುರು ಮಾಡಿದರು. ಮೃದುವಾದ ಪದ. ಮೇಲಿನಿಂದ ಬಂದ ಪದ. ಬಾಬಾಸಾಹೇಬರು ಅದನ್ನ ಒಪ್ಪಲಿಲ್ಲ. ದಲಿತ ಅನ್ನೋದು ನಾವು ಆರಿಸಿಕೊಂಡ ಪದ, ಒರಟು ಪದ, ತುಳಿದವನು ಇದ್ದಾನೆ ಅಂತ ಹೇಳೋ ಪದ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ದನಕ್ಕೆ ಹಾಕೋ ಬೂಸಾ. ಒಂದೇ ಒಂದು ಪದ. ರಾಜ್ಯ ಹತ್ತಿ ಉರೀತು, ಅವರ ಮಂತ್ರಿಗಿರಿ ಹೋಯ್ತು, ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಆ ಬೆಂಕಿಯಲ್ಲೇ ದಲಿತ ಚಳವಳಿ ಗಟ್ಟಿಯಾಯ್ತು. ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತನ್ನೇ ತಂದು ಕುಸುಮಬಾಲೆ ಬರೆದಾಗ, ಅರ್ಥ ಆಗಲ್ಲ ಅಂದವರು ಇದ್ದರು. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪದದ ಆಟ ಸಣ್ಣದು ಅನ್ನೋ ಮಾತನ್ನ ಬೇರೆ ಯಾರಾದರೂ ಹೇಳಲಿ, ನಾವು ಹೇಳಬಾರದು.

ಈಗ ಹಿರಿಯ ಸಂಗಾತಿಯ ಪ್ರಶ್ನೆ. ಅಣ್ಣಾ, ನಿಮ್ಮ ಮಾತಿನ ಒಳಗಿರೋ ಮಾತು ನನಗೆ ಕೇಳಿಸ್ತು. ಬೇಜಾರು ಅನ್ನೋದು ಹೊಟ್ಟೆ ತುಂಬಿದವರ ಕಾಯಿಲೆ, ನಮಗೆ ಅದಕ್ಕೆಲ್ಲ ಹೊತ್ತೆಲ್ಲಿ ಅಂತ ತಾನೆ?

ನಮ್ಮವ್ವ ಕೂಲಿ ಮಾಡಿದೋಳು. ರಾಗಿ ಹೊಲದಲ್ಲಿ ಕಳೆ ಕೀಳೋಕೆ ಕೂತರೆ ಬೆನ್ನು ಎತ್ತೋ ಹಾಗಿಲ್ಲ. ಒಂದೇ ಸಾಲು, ಒಂದೇ ಕೈ, ಒಂದೇ ಬಿಸಿಲು. ಚಿಕ್ಕೋಳಿದ್ದಾಗ ಕೇಳಿದ್ದೆ, ಅವ್ವಾ ಬೇಜಾರಾಗಲ್ವಾ ಅಂತ. "ಬೇಜಾರು ಅಂದ್ರೆ ಕಳೆ ಕೇಳ್ತದಾ?" ಅಂದಳು. ಆದರೆ ಅವಳೇ ಸಂಜೆ ಬಂದು ಕೂತಾಗ "ಇವತ್ತು ಹೊತ್ತೇ ಹೋಗ್ನಿಲ್ಲ ಕಣವ್ವಾ" ಅಂತಿದ್ದಳು. ಅದು ಏನು ಮತ್ತೆ? ಬೇಜಾರೇ ಅಲ್ವಾ? ಬೇಜಾರು ಇತ್ತು. ಬೇಜಾರು ಅಂತ ಹೇಳೋ ಹಕ್ಕು ಇರಲಿಲ್ಲ.

ನೋಡಿ, ಒಂದೇ ಆಕಳಿಕೆಗೆ ಎರಡು ಹೆಸರು ಈ ಊರಲ್ಲಿ. ಹೊಲದ ಯಜಮಾನ ಮರದ ನೆರಳಲ್ಲಿ ಆಕಳಿಸಿದರೆ ಪಾಪ ಅವರಿಗೆ ಬೇಜಾರು. ಕೂಲಿಯಾಳು ಆಕಳಿಸಿದರೆ ಸೋಮಾರಿ. ಕಚೇರಿಯಲ್ಲೂ ಇದೇ. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರ ಕಣ್ಣೂ ಎಳೆಯುತ್ತೆ. ಪಕ್ಕದ ಮೇಜಿನವರು ಆಕಳಿಸಿದರೆ "ಸಾರ್‌ಗೆ ಕೆಲಸ ಜಾಸ್ತಿ". ನಾನು ಆಕಳಿಸಿದರೆ ಒಬ್ಬರು ಇನ್ನೊಬ್ಬರ ಮುಖ ನೋಡ್ತಾರೆ. ಆ ನೋಟದಲ್ಲಿ ಮೀಸಲಾತಿ, ಮೆರಿಟ್ಟು ಎಲ್ಲಾ ಇರುತ್ತೆ, ಬಾಯಿ ಮಾತ್ರ ಬಿಡಲ್ಲ. ಹಾಗಾಗಿ ನಮ್ಮಂಥವರು ಆಕಳಿಕೆಯನ್ನೂ ನುಂಗಿ ಕೂರೋದು ಕಲಿತಿದ್ದೀವಿ. ಬೇಜಾಕಳಿಕೆ ಅನ್ನೋ ಪದಕ್ಕೆ ನಾನು ಅಷ್ಟೊಂದು ನಕ್ಕಿದ್ದು ಇದಕ್ಕೇ. 20 ವರ್ಷದ ನುಂಗಿದ ಆಕಳಿಕೆ ಒಂದೇ ಸಲ ಹೊರಗೆ ಬಂತು.

ನಮಗೆ ನೋವನ್ನ ಹಂಚಿಕೊಟ್ಟಿದ್ದಾರೆ. ದಲಿತರು ಬರೆದರೆ ನೋವು ಬರೀಬೇಕು, ಮಾತಾಡಿದರೆ ಸಿಟ್ಟಾಗಬೇಕು, ಅತ್ತರೆ ಟಿವಿಯೋರು ಹತ್ತಿರದಿಂದ ತೋರಿಸ್ತಾರೆ. ನಗೋದು, ಆಟ ಆಡೋದು, ಸುಮ್ಮನೆ ಬೇಜಾರು ಪಡೋದು ನಮ್ಮ ಪಾಲಿಗೆ ಬಂದಿಲ್ಲ. ಸಿದ್ಧಲಿಂಗಯ್ಯನವರ ಊರುಕೇರಿ ಓದಿದವರಿಗೆ ಗೊತ್ತು, ಹಸಿವು ಅವಮಾನದ ನಡುವೆ ಎಷ್ಟು ನಗು ಇದೆ ಅದರಲ್ಲಿ ಅಂತ. ಆ ನಗು ಅವರ ಹೋರಾಟಕ್ಕೆ ಅಡ್ಡ ಬಂತಾ? ನೋವು ಬಿಟ್ಟು ಬೇರೇನೂ ಇಲ್ಲದ ಜನ ಅಂತ ನಮ್ಮನ್ನ ತೋರಿಸೋರಿಗೆ ಅದು ಕೊಟ್ಟ ಉತ್ತರ.

ಆದರೆ ಇಷ್ಟಕ್ಕೇ ಆಗಿದ್ದರೆ ಇಷ್ಟುದ್ದ ಬರೀತಿರಲಿಲ್ಲ. ನಿಜವಾದ ವಿಷಯ ಬೇರೆ ಇದೆ. ಬೇಜಾರು ತಾನಾಗಿ ಬರೋದು ಒಂದು, ಬೇಜಾರು ಮಾಡಿಸೋದು ಇನ್ನೊಂದು.

ಬಾಬಾಸಾಹೇಬರ ಬಾಲ್ಯದ ಆ ಪ್ರಸಂಗ ನಮಗೆಲ್ಲ ಗೊತ್ತು. ಅಪ್ಪನನ್ನು ನೋಡಲು ಹೊರಟ ಮಕ್ಕಳು, ಒಳ್ಳೇ ಬಟ್ಟೆ ಹಾಕಿಕೊಂಡು ರೈಲಿಳಿದು ನಿಲ್ದಾಣದಲ್ಲಿ ಕಾಯ್ತಾರೆ. ಯಾರೂ ಬರಲ್ಲ. ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಗಾಡಿಯವರೂ ಹತ್ತಿಸಿಕೊಳ್ಳಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆಯೋ ಕರಾರಿನ ಮೇಲೆ ಹೊರಡ್ತಾರೆ, ದಾರೀಲಿ ನೀರೂ ಸಿಗಲ್ಲ. ಅವರು ಆ ಬರಹಕ್ಕೆ ಇಟ್ಟ ಹೆಸರು ವೇಟಿಂಗ್ ಫಾರ್ ಎ ವೀಸಾ. ಕಾಯೋದು ಅನ್ನೋದು ಹೆಸರಲ್ಲೇ ಇದೆ. ಅಸ್ಪೃಶ್ಯತೆ ಅಂದ್ರೆ ಮುಟ್ಟದೇ ಇರೋದು ಮಾತ್ರ ಅಲ್ಲ, ಕಾಯಿಸೋದು ಕೂಡ. ಬಾವಿ ಹತ್ತಿರ ಯಾರಾದರೂ ನೀರು ಸೇದಿ ಹಾಕಲಿ ಅಂತ ಕಾಯೋದು. ಹೋಟೆಲಿನ ಹೊರಗೆ ಕಾಯೋದು. ಗೌಡರು ಎದ್ದು ಬರಲಿ ಅಂತ ಹಟ್ಟಿ ಮುಂದೆ ಕಾಯೋದು. ಈಗ ಆ ಹಟ್ಟಿ ಬಾಗಿಲಿನ ಜಾಗದಲ್ಲಿ ಕೌಂಟರಿನ ಕಿಂಡಿ ಬಂದಿದೆ.

ನಾನು ಕಿಂಡಿಯ ಒಳಗಡೆ ಕೂರೋಳು. ಹೇಗೆ ನಡೆಯುತ್ತೆ ಅಂತ ಗೊತ್ತು. ಅರ್ಜಿ ತಿರಸ್ಕಾರ ಮಾಡಿದರೆ ಕಾರಣ ಬರೀಬೇಕು. ಕಾರಣ ಬರೆದರೆ ಮೇಲ್ಮನವಿ ಹಾಕ್ತಾರೆ. ಸಿಟ್ಟಿನ ಮಾತು ಆಡಿದರೆ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೋತಾರೆ. ಇದ್ಯಾವುದೂ ಬೇಡ ಅಂದ್ರೆ ಒಂದೇ ದಾರಿ: "ಪರಿಶೀಲನೆಯಲ್ಲಿದೆ." "ಸಾಹೇಬ್ರು ಮೀಟಿಂಗಲ್ಲಿದ್ದಾರೆ." "ಸರ್ವರ್ ಡೌನ್." "ನಾಳೆ ಬನ್ನಿ." ಯಾರೂ ಬೈಲಿಲ್ಲ, ಯಾರೂ ಇಲ್ಲ ಅನ್ನಲಿಲ್ಲ. ಹೊರಗೆ ನಿಂತ ಮನುಷ್ಯ ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ತಾನೇ ನಿಂತು ಹೋಗ್ತಾನೆ. ಕೇಳಿದರೆ "ಬೇಜಾರಾಯ್ತು, ಬಿಟ್ಬಿಟ್ಟೆ" ಅಂತಾನೆ.

ಇದಕ್ಕೆ ನಾನು ಇಟ್ಟ ಹೆಸರು ನಾಳ್ವಿಕೆ. ನಾಳೆ ಮತ್ತು ಆಳ್ವಿಕೆ. ಹಿಂದೆ ದೆವ್ವ ಮನೆಗೆ ಬರದಿರಲಿ ಅಂತ ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು. ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ, ನಾಳೆ ಬಂದರೂ ಅದೇ ಬರಹ. ಕಚೇರಿಗಳಲ್ಲಿ ಆ ಬರಹ ನಮ್ಮ ಜನಕ್ಕೆ ಅಂತ ಇದೆ.

ನ್ಯಾಯಾಲಯದ್ದು ಇನ್ನೂ ದೊಡ್ಡ ಕಥೆ. ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದ್ದು. 2015ರ ತಿದ್ದುಪಡಿ ಆದ ಮೇಲೆ, ದೋಷಾರೋಪ ಪಟ್ಟಿ ಸಲ್ಲಿಸಿದ ದಿನದಿಂದ ಸಾಧ್ಯವಾದಷ್ಟೂ 2 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ ಇದೆ. ತನಿಖೆಗೆ ನಿಯಮದಲ್ಲಿ 60 ದಿನ. ಕಾಗದದ ಮೇಲೆ ಎಷ್ಟು ಚೆಂದ! ನ್ಯಾಯಾಲಯದ ಜಗಲಿ ಮೇಲೆ ಕೂತವರಿಗೆ ಗೊತ್ತು, ವಾಯಿದೆ ಮೇಲೆ ವಾಯಿದೆ ಬೀಳೋದು ಅಂದ್ರೆ ಏನು ಅಂತ.

ನಾನು ಜೊತೆಗೆ ಹೋಗ್ತಿದ್ದ ಒಬ್ಬ ಹೆಣ್ಣುಮಗಳು ಇದ್ದಾರೆ. ಊರು ಹೆಸರು ಬೇಡ. ದೂರು ಕೊಟ್ಟಾಗ ಮನೆ ಮುಂದೆ ಬಂದು ಹೆದರಿಸಿದರು, ಬಗ್ಗಲಿಲ್ಲ. ದುಡ್ಡು ತೋರಿಸಿದರು, ಬಗ್ಗಲಿಲ್ಲ. ಅಂಗಡಿಯಲ್ಲಿ ಸಾಮಾನು ಕೊಡೋದು ನಿಲ್ಲಿಸಿದರು, ಪಕ್ಕದ ಊರಿಗೆ ನಡೆದು ಹೋಗಿ ತಂದರು. ಆಮೇಲೆ ವಾಯಿದೆಗಳು ಶುರುವಾದವು. ಬೆಳಿಗ್ಗೆ ಮೊದಲನೇ ಬಸ್ಸು, ಕೂಲಿ ಹೋಯ್ತು, ಮಧ್ಯಾಹ್ನದವರೆಗೆ ಕಲ್ಲುಬೆಂಚು, ಹೆಸರು ಕೂಗ್ತಾರೆ ಅಂತ ನೀರು ಕುಡಿಯೋಕೂ ಎದ್ದು ಹೋಗೋ ಹಾಗಿಲ್ಲ, ಕೊನೆಗೆ ಮುಂದಿನ ತಾರೀಖು. ಮತ್ತೆ. ಮತ್ತೆ. ಒಂದು ದಿನ ಬಸ್‌ಸ್ಟ್ಯಾಂಡಲ್ಲಿ ನನ್ನ ಕೈ ಹಿಡ್ಕೊಂಡು, "ಬುಟ್ಬುಡವ್ವಾ, ನಂಗೆ ಬೇಜಾರಾಗೋಯ್ತು" ಅಂದರು. ಮುಂದಿನ ತಿಂಗಳು ರಾಜಿ ಆಯ್ತು.

ಬೆದರಿಕೆಗೆ ಬಗ್ಗದವರು ಬೇಜಾರಿಗೆ ಬಗ್ಗುತ್ತಾರೆ. ಎದುರಿನವರಿಗೆ ಇದು ಚೆನ್ನಾಗಿ ಗೊತ್ತು. ನಮಗೇ ಗೊತ್ತಿಲ್ಲ. ಹೊಡೆದರೆ ಎಫ್ಐಆರ್ ಆಗುತ್ತೆ, ಬೈದರೆ ಎಫ್ಐಆರ್ ಆಗುತ್ತೆ. ಬೇಜಾರು ಮಾಡಿಸಿದ್ದಕ್ಕೆ ಯಾವ ಸೆಕ್ಷನ್ನು?

ಇಲ್ಲಿ ಹೊಸ ಪದ ಏನು ಮಾಡುತ್ತೆ ಅಂತ ಕೇಳಿ. ಆ ತಾಯಿ "ನಂಗೆ ಬೇಜಾರಾಗೋಯ್ತು" ಅಂದಾಗ, ಕಾಯಿಲೆ ಅವರ ಒಳಗಿದೆ ಅನ್ನೋ ಹಾಗಾಯ್ತು. ಅವರ ತಾಳ್ಮೆ ಮುಗೀತು, ಅವರ ಮನಸ್ಸು ಸೋತಿತು. ಹಿಂದೆ ಕೂತವರೂ ಹಾಗೇ ಹೇಳಿದರು, "ನಮ್ಮೋರಿಗೆ ತಾಳ್ಮೆ ಇಲ್ಲ ಬಿಡಿ" ಅಂತ. ಬೇಜಾರು ಅನ್ನೋ ಪದದಲ್ಲಿ ಬೇಜಾರು ಮಾಡಿಸಿದವನು ಕಾಣಲ್ಲ. ಫೈಲಸ್ಯ ಅಂದರೆ ಫೈಲು ಕಾಣುತ್ತೆ. ನಾಳ್ವಿಕೆ ಅಂದರೆ ಕುರ್ಚಿ ಕಾಣುತ್ತೆ. ವಾಯಿದೆ ಮತ್ತು ದಣಿವು ಸೇರಿಸಿ ನಮ್ಮ ಹುಡುಗಿಯೊಬ್ಬಳು ವಾಯಿದಣಿವು ಅಂದಳು. ಅದರಲ್ಲಿ ತಾರೀಖು ಕಾಣುತ್ತೆ. ಕಾಯೋದರಿಂದ ಬರೋ ಕಾಯಿಲೆಗೆ ಕಾಯುಲೆ ಅಂದ್ವಿ. ಬಿಪಿ, ಶುಗರ್ ಜೊತೆಗೆ ನಮ್ಮ ಅಪ್ಪ ಅವ್ವಂದಿರಿಗೆ ಅದೂ ಇತ್ತು, ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಈ ಪದಗಳು ಬೇಜಾರನ್ನ ನಮ್ಮ ಎದೆಯಿಂದ ಎತ್ತಿ, ಅದು ಹುಟ್ಟಿದ ಮೇಜಿನ ಮೇಲೆ ಇಡ್ತವೆ. ಅಷ್ಟೇ ಅವುಗಳ ಕೆಲಸ. ಸಣ್ಣ ಕೆಲಸ ಅಲ್ಲ.

ಪದ ಇಟ್ಟ ಮೇಲೆ ಲೆಕ್ಕವೂ ಇಡಬೇಕು. ನಗೋದು ಒಂದು ಕೈಲಿ, ಬರೆಯೋದು ಇನ್ನೊಂದು ಕೈಲಿ. ಸಕಾಲ ಕಾಯ್ದೆ 2011ರಲ್ಲಿ ಆಯ್ತು, 2012ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರೋ ಸೇವೆಗೆ ಅರ್ಜಿ ಕೊಟ್ಟರೆ ಸ್ವೀಕೃತಿ ಕೊಡಲೇಬೇಕು, ಅದರಲ್ಲಿ ನಂಬರು ಇರುತ್ತೆ, ಎಷ್ಟು ದಿನದೊಳಗೆ ಅಂತ ಇರುತ್ತೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ನಮ್ಮ ಒಂದು ದಿನದ ಬೇಜಾರಿಗೆ ಸರ್ಕಾರ ಕಟ್ಟಿದ ಬೆಲೆ 20 ರೂಪಾಯಿ, ಒಂದು ಚಾ ಒಂದು ಬನ್ನು! ನಗು ಬರುತ್ತೆ. ಆದರೂ ಕೇಳಿ. 20 ರೂಪಾಯಿಗಲ್ಲ, ಯಾರು ತಡ ಮಾಡಿದರು ಅಂತ ದಾಖಲೆ ಆಗಲಿ ಅಂತ. ಅದೇ ಥರ ದೌರ್ಜನ್ಯ ಕಾಯ್ದೆಯ 15ಎ ಕಲಂ ಓದಿ. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ತನಿಖೆ, ವಿಚಾರಣೆ ಕಾಲದ ಪ್ರಯಾಣ ವೆಚ್ಚ, ಜೀವನ ನಿರ್ವಹಣೆ ವೆಚ್ಚ ಕೊಡಬೇಕು ಅಂತ ಇದೆ. ಬಸ್ ಚಾರ್ಜು, ಹೋದ ಕೂಲಿ ಕೇಳೋದು ಭಿಕ್ಷೆ ಅಲ್ಲ. ಪ್ರತಿ ತಾಲ್ಲೂಕಲ್ಲಿ ನಮ್ಮ ಗೆಳೆಯರು ಒಂದು ಕಾಯುಲೆ ಪುಸ್ತಕ ಇಡಲಿ. 40 ಪುಟದ ನೋಟ್‌ಬುಕ್ಕು ಸಾಕು. ಯಾವ ತಾರೀಖು, ಯಾವ ಕಿಂಡಿ, ಎಷ್ಟು ಗಂಟೆ ನಿಲ್ಲಿಸಿದರು, ಏನಂದರು. ಮೂರು ತಿಂಗಳಿಗೆ ಆ ಪುಸ್ತಕ ತಾಲ್ಲೂಕಿನ ಸಾಹೇಬರ ಮುಂದೆ ಇಟ್ಟು ನೋಡಿ.

ಇನ್ನೊಂದು ಮಾತು, ಇದು ಮನೆ ಒಳಗಿನ ಮಾತು. ಕಾಯಿಸೋ ರೋಗ ಕಚೇರಿಯೋರಿಗೆ ಮಾತ್ರ ಇಲ್ಲ. ಭಾಷಂಕಟ ಅನ್ನೋ ಪದ ಹುಟ್ಟಿದ್ದು ನಮ್ಮ ವೇದಿಕೆಯ ಮುಂದೆ. ಕರಪತ್ರದಲ್ಲಿ 10.30, ಶುರುವಾಗೋದು 12.30. ವೇದಿಕೆ ಮೇಲೆ 14 ಜನ, ಅದರಲ್ಲಿ ಹೆಂಗಸು ಒಬ್ಬರು, ಅವರಿಗೆ ವಂದನಾರ್ಪಣೆ. ಪ್ರತಿಯೊಬ್ಬರೂ "ಹೆಚ್ಚು ಮಾತಾಡಲ್ಲ" ಅಂತ ಶುರು ಮಾಡಿ 40 ನಿಮಿಷ ತಗೋತಾರೆ. ಬಾಬಾಸಾಹೇಬರ ಹುಟ್ಟಿದ ದಿನದಿಂದ ಶುರು ಮಾಡಿ ಲಂಡನ್ನಿಗೆ ಹೋಗೋಷ್ಟರಲ್ಲಿ ಊಟದ ಹೊತ್ತು. ಕೂಲಿ ಬಿಟ್ಟು ಬಂದ ಹೆಂಗಸರು ಹಿಂದಿನ ಸಾಲಲ್ಲಿ ಮಗು ಮಲಗಿಸ್ಕೊಂಡು ಕೂತಿರ್ತಾರೆ. ಕೇರಿಯ ಹುಡುಗರು ಮೊದಲು ಫೋನಿಗೆ ಹೋಗ್ತಾರೆ, ಆಮೇಲೆ ಹೊರಗೆ, ಆಮೇಲೆ ಬೇರೆಯವರ ಶಾಖೆಗೂ ಮೆರವಣಿಗೆಗೂ ಹೋಗ್ತಾರೆ. ಅಲ್ಲಿ ಡ್ರಮ್ಮು ಇದೆ, ಬಾವುಟ ಇದೆ, ಆಟ ಇದೆ. ನಮ್ಮ ಹುಡುಗರನ್ನ ಯಾರು ಕರ್ಕೊಂಡು ಹೋದರು ಅಂತ ಕೇಳ್ತೀವಿ. ಅರ್ಧ ದಾರಿ ಭಾಷಂಕಟವೇ ಬಿಟ್ಟು ಬಂದಿರುತ್ತೆ.

ತಮಟೆ, ಹೋರಾಟದ ಹಾಡು, ಬೀದಿ ನಾಟಕದಿಂದ ಬೆಳೆದ ಚಳವಳಿ ಇದು. ಘೋರು ಹೊಡೆಸೋ ಹಕ್ಕು ನಮಗಿಲ್ಲ. ಹೇಳಿದ ಹೊತ್ತಿಗೆ ಶುರು ಮಾಡೋಣ. ವೇದಿಕೆ ಮೇಲೆ ನಾಲ್ಕೇ ಕುರ್ಚಿ. ಒಬ್ಬರಿಗೆ 10 ನಿಮಿಷ. ಮೊದಲ ಮಾತು ದೂರದ ಊರಿಂದ ಬಂದ ಹೆಂಗಸಿಗೆ, ಯಾಕಂದ್ರೆ ಸಂಜೆ ಬಸ್ಸು ಹಿಡಿಯಬೇಕಾದವರು ಅವರು.

ಕೊನೆಯದಾಗಿ ಒಂದು ಗೆರೆಯನ್ನೂ ಎಳೀತೀನಿ, ಹಿರಿಯ ಸಂಗಾತಿಯ ಆತಂಕಕ್ಕೆ ಅದರ ಗೌರವ ಸಲ್ಲಬೇಕು. ಎಲ್ಲದಕ್ಕೂ ಆಟದ ಪದ ಸಲ್ಲದು. ಮ್ಯಾನ್‌ಹೋಲಿನಲ್ಲಿ ಸತ್ತರೆ ಅದನ್ನ ಸಾವು ಅಂತಲೇ ಕರೀಬೇಕು, ಕೊಲೆಯಾದರೆ ಕೊಲೆ ಅಂತಲೇ. ಬಹಿಷ್ಕಾರಕ್ಕೆ ಚೆಂದದ ಹೆಸರು ಬೇಡ. ನೋವನ್ನ ಮೃದು ಮಾಡೋ ಪದ ಅಧಿಕಾರಿಗಳು ಸಾಕಷ್ಟು ಮಾಡಿಟ್ಟಿದ್ದಾರೆ, "ಅಹಿತಕರ ಘಟನೆ", "ಎರಡು ಗುಂಪಿನ ಗಲಾಟೆ", ಹೀಗೆ. ನಮ್ಮ ಪದ ಮುಚ್ಚೋಕೆ ಅಲ್ಲ, ತೆಗೆದು ತೋರಿಸೋಕೆ. ಒಂದು ಪದ ಕಟ್ಟಿದಾಗ ಕೇಳಿಕೊಳ್ಳಿ: ಇದರಿಂದ ಮಾಡಿದವನು ಕಾಣ್ತಾನಾ, ಮರೆಯಾಗ್ತಾನಾ? ಕಂಡರೆ ಇಟ್ಕೊಳಿ. ಮರೆಯಾದರೆ ಬಿಸಾಕಿ.

ಈಗ ನಿಮ್ಮ ಸರದಿ. ಹಾಸ್ಟೆಲಿನ ಸಂಜೆಗೆ, ಸ್ಕಾಲರ್‌ಶಿಪ್ಪಿನ ಕಾಯುವಿಕೆಗೆ, ಪಡಿತರ ಅಂಗಡಿಯ ಸಾಲಿಗೆ, ಗುತ್ತಿಗೆ ಕೆಲಸದವರ ಬಾರದ ಸಂಬಳಕ್ಕೆ ನಿಮ್ಮ ಕಡೆ ಮಾತಲ್ಲಿ ಏನಂತೀರಿ? ಕಲಬುರಗಿಯೋರು, ರಾಯಚೂರಿನೋರು, ಕರಾವಳಿಯೋರು, ಕೋಲಾರದೋರು, ಎರಡು ಪದ ಮುರಿದು ಒಂದು ಮಾಡಿ ಕೆಳಗೆ ಬರೀರಿ. ಜೊತೆಗೆ ಎಲ್ಲಿ, ಎಷ್ಟು ದಿನದಿಂದ ಕಾಯ್ತಿದ್ದೀರಿ ಅಂತಲೂ ಒಂದು ಸಾಲು ಸೇರಿಸಿ. ನಾನು ಟಪಾಲು ಬರೆಯೋ ಕೈಯೋಳು, ಎಲ್ಲವನ್ನೂ ಕ್ರಮಸಂಖ್ಯೆ ಹಾಕಿ ರಿಜಿಸ್ಟರಿಗೆ ಏರಿಸ್ತೀನಿ. ನಾಳೆ ಬನ್ನಿ ಅಂತ ಮಾತ್ರ ಅನ್ನಲ್ಲ.

ಜೈಭೀಮ್.